ಸಣ್ಣ ತಳಿಯ ನಾಯಿಗಳಲ್ಲಿ ಕೆಮ್ಮು

ಸಣ್ಣ ತಳಿಯ ನಾಯಿಗಳಲ್ಲಿ ಕಾಣಿಸಿಕೊಳ್ಳುವ ಕೆಮ್ಮು ಸ್ವತಃ ಒಂದು ರೋಗವಲ್ಲ. ಶ್ವಾಸನಾಳ, ಶ್ವಾಸಕೋಶ ಅಥವಾ ಹೃದಯಕ್ಕೆ ಸಂಬಂಧಿಸಿದ ತೊಂದರೆಯೊಂದರ ಲಕ್ಷಣ. ಕೆಮ್ಮು ಯಾವ ನಾಯಿಗೂ ಬರಬಹುದು. ಆದರೆ ಯಾರ್ಕ್‌ಷೈರ್ ಟೆರಿಯರ್, ಪಮೇರಿಯನ್, ಚಿವಾವಾ, ಮಾಲ್ಟೀಸ್, ಟಾಯ್ ಪೂಡಲ್ ಮೊದಲಾದ ಸಣ್ಣ ಮೈಕಟ್ಟಿನ ತಳಿಗಳಲ್ಲಿ ಎರಡು ಕಾರಣಗಳು ವಿಶೇಷವಾಗಿ ಕಂಡುಬರುತ್ತವೆ: ಶ್ವಾಸನಾಳದ ಕುಸಿತ ಮತ್ತು ಹೃದಯದ ಮೈಟ್ರಲ್ ಕವಾಟದ ಕ್ಷಯ. ಇವೆರಡೂ ನಡುವಯಸ್ಸು ದಾಟಿದ ನಾಯಿಗಳಲ್ಲಿ ಹೆಚ್ಚು. ಒಂದೇ ನಾಯಿಯಲ್ಲಿ ಎರಡೂ ಇರುವುದುಂಟು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಕೆಮ್ಮನ್ನು ಅಡಗಿಸುವ ಮೊದಲು ಅದರ ಮೂಲವನ್ನು ತಿಳಿಯುವುದು ಅಗತ್ಯ.

ಕನ್ನಡದಲ್ಲಿ 'ನಾಯಿಕೆಮ್ಮು' ಎಂದು ಕರೆಯಲಾಗುವುದು ಮುಖ್ಯವಾಗಿ ಮಕ್ಕಳನ್ನು ಬಾಧಿಸುವ ಪರ್ಟುಸಿಸ್ ರೋಗವನ್ನು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯಾಗಿದ್ದು, ನಾಯಿಗಳಿಂದ ಬರುವಂಥದ್ದಲ್ಲ. ಈ ಲೇಖನದ ವಿಷಯ ಅದಲ್ಲ.

ಕೆಮ್ಮನ್ನು ಗುರುತಿಸುವುದು

ನಾಯಿಯು ಕೆಮ್ಮುವಾಗ ಕತ್ತನ್ನು ಮುಂದಕ್ಕೆ ಚಾಚಿ, ಎದೆಯಿಂದ ಗಾಳಿಯನ್ನು ರಭಸವಾಗಿ ಹೊರದೂಡುತ್ತದೆ. ಕೆಮ್ಮಿನ ಕೊನೆಯಲ್ಲಿ ಓಕರಿಕೆ ಬಂದು ಸ್ವಲ್ಪ ಬಿಳಿ ನೊರೆ ಹೊರಬೀಳುವುದು ಸಾಮಾನ್ಯ. ಇದನ್ನು ನೋಡಿದ ಮನೆಯವರು ನಾಯಿ ವಾಂತಿ ಮಾಡುತ್ತಿದೆ ಎಂದೋ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದೋ ಭಾವಿಸುವುದು ಹೆಚ್ಚು.

ಕೆಮ್ಮೆಂದು ತಪ್ಪಾಗಿ ತಿಳಿಯಲಾಗುವ ಇನ್ನೊಂದು ಸ್ಥಿತಿ ಹಿಮ್ಮುಖ ಸೀನು. ಇದರಲ್ಲಿ ನಾಯಿಯು ನಿಂತಲ್ಲೇ ನಿಂತು, ಮೊಣಕೈಗಳನ್ನು ಅಗಲಿಸಿ, ಗೊರಗೊರ ಸದ್ದಿನೊಂದಿಗೆ ಮೂಗಿನ ಮೂಲಕ ಗಾಳಿಯನ್ನು ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ನೋಡಲು ಭಯ ಹುಟ್ಟಿಸಿದರೂ ಇದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಆನಂತರ ನಾಯಿ ಎಂದಿನಂತಿರುತ್ತದೆ. ಚಿಕಿತ್ಸಾಲಯದಲ್ಲಿ ನಾಯಿ ಕೆಮ್ಮದೆ ಸುಮ್ಮನಿರುವುದೇ ಹೆಚ್ಚಾದ್ದರಿಂದ, ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ಚಿಕ್ಕ ವಿಡಿಯೊ ವೈದ್ಯರಿಗೆ ಮಾತಿನ ವಿವರಣೆಗಿಂತ ಹೆಚ್ಚು ಉಪಯುಕ್ತ.

ಶ್ವಾಸನಾಳದ ಕುಸಿತ

ನಾಯಿಯ ಶ್ವಾಸನಾಳವು ಸುಮಾರು 35ರಿಂದ 45 ಮೃದ್ವಸ್ಥಿಯ ಉಂಗುರಗಳಿಂದ ರಚಿತವಾಗಿದೆ. ಇವು ಪೂರ್ಣ ಉಂಗುರಗಳಲ್ಲ. ಬೆನ್ನಿನ ಕಡೆ ತೆರೆದಿದ್ದು, ಆ ತೆರವನ್ನು ಸ್ನಾಯುವಿನಿಂದ ಕೂಡಿದ ತೆಳುವಾದ ಪೊರೆ ಮುಚ್ಚಿರುತ್ತದೆ. ಕೆಲವು ಸಣ್ಣ ತಳಿಗಳಲ್ಲಿ ಮೃದ್ವಸ್ಥಿಯು ತನ್ನಲ್ಲಿ ನೀರನ್ನು ಹಿಡಿದಿಡುವ ಘಟಕಗಳನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಆಗ ಉಂಗುರಗಳು ಚಪ್ಪಟೆಯಾಗಿ, ಸಡಿಲಗೊಂಡ ಪೊರೆ ನಾಳದೊಳಕ್ಕೆ ಜೋಲುತ್ತದೆ. ಕತ್ತಿನ ಭಾಗದ ನಾಳ ಉಸಿರನ್ನು ಒಳಗೆಳೆದುಕೊಳ್ಳುವಾಗ ಕುಸಿದರೆ, ಎದೆಯೊಳಗಿನ ಭಾಗ ಉಸಿರು ಬಿಡುವಾಗ ಮತ್ತು ಕೆಮ್ಮುವಾಗ ಕುಸಿಯುತ್ತದೆ. ಈ ಕಾರಣದಿಂದಲೇ ಒಂದೇ ಕ್ಷ-ಕಿರಣ ಚಿತ್ರದಲ್ಲಿ ನಾಳ ಸರಿಯಾಗಿರುವಂತೆ ಕಾಣಬಹುದು.

ಈ ರೋಗದ ಕೆಮ್ಮು ಒಣಗಿದ್ದು, ಹೆಬ್ಬಾತಿನ ಕೂಗನ್ನು ಹೋಲುತ್ತದೆ. ಬಾಗಿಲ ಗಂಟೆ ಬಾರಿಸಿದಾಗಿನ ಉದ್ವೇಗ, ಕೊರಳಪಟ್ಟಿಯ ಎಳೆತ, ನೀರು ಕುಡಿಯುವುದು, ಬೇಸಿಗೆಯ ಸೆಕೆ ಇವು ಕೆಮ್ಮನ್ನು ಎಬ್ಬಿಸುತ್ತವೆ. ಕೆಮ್ಮಿದಷ್ಟೂ ನಾಳದ ಒಳಪದರ ಊದಿಕೊಳ್ಳುತ್ತದೆ. ಊದಿದಷ್ಟೂ ಮತ್ತೆ ಕೆಮ್ಮು ಬರುತ್ತದೆ. ನಾಳದ ಒಳವ್ಯಾಸ ಶೇ. 25ರಷ್ಟು ಕಿರಿದಾಗಿದ್ದರೆ ಒಂದನೆಯ ದರ್ಜೆ, ಶೇ. 50 ಮತ್ತು ಶೇ. 75 ಆದರೆ ಎರಡು ಮತ್ತು ಮೂರನೆಯ ದರ್ಜೆ, ಬಹುತೇಕ ಮುಚ್ಚಿಹೋಗಿದ್ದರೆ ನಾಲ್ಕನೆಯ ದರ್ಜೆ ಎಂದು ಗಣಿಸಲಾಗುತ್ತದೆ.

ಮೆತ್ತಗಾದ ಉಂಗುರಗಳನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಆದರೂ ಹೆಚ್ಚಿನ ನಾಯಿಗಳು ಕೆಮ್ಮು ತಗ್ಗಿಸುವ ಔಷಧಿ, ಊತ ಇಳಿಸುವ ಔಷಧಿ ಮತ್ತು ತೂಕ ಇಳಿಕೆಯಿಂದ ವರ್ಷಗಟ್ಟಲೆ ನೆಮ್ಮದಿಯಾಗಿರುತ್ತವೆ. ಇವುಗಳಲ್ಲಿ ತೂಕ ಇಳಿಕೆಯ ಮಹತ್ವವನ್ನು ಜನ ಕಡೆಗಣಿಸುವುದೇ ಹೆಚ್ಚು. ಮೂರು ಕಿಲೊ ಇರಬೇಕಾದ ನಾಯಿ ನಾಲ್ಕು ಕಿಲೊ ಇದ್ದರೆ ಅದು ಮೂರನೆಯ ಒಂದು ಭಾಗದಷ್ಟು ಹೆಚ್ಚುವರಿ ಭಾರವನ್ನು ಹೊತ್ತು ಉಸಿರಾಡುತ್ತಿರುತ್ತದೆ. ಔಷಧಿಗೆ ಬಗ್ಗದ ಪ್ರಕರಣಗಳಲ್ಲಿ ನಾಳದೊಳಗೆ ಲೋಹದ ಸ್ಟೆಂಟ್ ಇಡಲಾಗುತ್ತದೆ. ಸ್ಟೆಂಟ್ ಮುರಿಯುವ ಸಂಭವವೂ ಇರುವುದರಿಂದ ಇದನ್ನು ಕೊನೆಯ ಉಪಾಯವೆಂದೇ ಪರಿಗಣಿಸಲಾಗಿದೆ.

ಹೃದಯ ಕವಾಟದ ರೋಗ

ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ಮೈಟ್ರಲ್ ಕವಾಟವು ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳದೆ, ಪ್ರತಿ ಬಡಿತದಲ್ಲೂ ರಕ್ತ ಹಿಂದಕ್ಕೆ ಸೋರುವುದು ನಾಯಿಗಳ ಹೃದ್ರೋಗಗಳಲ್ಲೆಲ್ಲ ಅತಿ ಸಾಮಾನ್ಯವಾದುದು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಆರಂಭವಾಗುತ್ತದೆ. ಸೋರಿಕೆಯಿಂದ ಉಂಟಾಗುವ ಮರ್ಮರ ಶಬ್ದವು ಹೊರಗಿನ ಲಕ್ಷಣಗಳು ತೋರುವುದಕ್ಕಿಂತ ವರ್ಷಗಳ ಮೊದಲೇ ಸ್ಟೆತೊಸ್ಕೋಪಿಗೆ ಕೇಳಿಸುತ್ತದೆ. ಲಸಿಕೆ ಹಾಕಿಸಲು ಹೋದಾಗ ಎದೆಯ ಮೇಲೆ ಸ್ಟೆತೊಸ್ಕೋಪ್ ಇಡಿಸುವುದು ಈ ದೃಷ್ಟಿಯಿಂದ ಲಾಭಕರ. 2016ರಲ್ಲಿ ಪ್ರಕಟವಾದ 'ಎಪಿಕ್' ಎಂಬ ಅಧ್ಯಯನವು, ಹೃದಯ ಹಿಗ್ಗಿದ್ದರೂ ಇನ್ನೂ ಲಕ್ಷಣ ತೋರದ ನಾಯಿಗಳಿಗೆ ಪಿಮೊಬೆಂಡಾನ್ ಔಷಧಿ ನೀಡಿದರೆ ಹೃದಯ ವೈಫಲ್ಯವು ಸರಾಸರಿ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು ತೋರಿಸಿತು.

ಹಿಗ್ಗಿದ ಎಡ ಹೃತ್ಕರ್ಣವು ಶ್ವಾಸನಾಳದ ಕವಲನ್ನು ಒತ್ತುವುದರಿಂದ ಕೆಮ್ಮು ಬರಬಹುದು. ಆದರೆ ಹೃದಯ ವೈಫಲ್ಯದಿಂದ ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂಬುದಕ್ಕೆ ಕೆಮ್ಮಿಗಿಂತ ವಿಶ್ವಾಸಾರ್ಹ ಸೂಚಕ ಉಸಿರಾಟದ ವೇಗ. ನಾಯಿ ಗಾಢವಾಗಿ ನಿದ್ರಿಸುತ್ತಿರುವಾಗ ಎದೆ ಒಮ್ಮೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಎಣಿಸಬೇಕು. 30 ಸೆಕೆಂಡುಗಳ ಎಣಿಕೆಯನ್ನು ಎರಡರಿಂದ ಗುಣಿಸಿದಾಗ ಬರುವ ಸಂಖ್ಯೆ ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರುವುದು ಸಹಜ. ಅದು ಮತ್ತೆ ಮತ್ತೆ 30ನ್ನು ಮೀರಿದರೆ ಕೆಮ್ಮು ಇರಲಿ ಬಿಡಲಿ, ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ಹೃದ್ರೋಗವಿದೆಯೆಂದು ತಿಳಿದಿರುವ ನಾಯಿಯ ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸೋಂಕುಗಳು

ಲಸಿಕೆ ಪಡೆಯದ ಮರಿಗಳಲ್ಲಿ ಮತ್ತು ಬೋರ್ಡಿಂಗ್ ಕೇಂದ್ರ, ಶ್ವಾನ ಪ್ರದರ್ಶನಗಳಿಂದ ಮರಳಿದ ನಾಯಿಗಳಲ್ಲಿ ದಿಢೀರನೆ ಶುರುವಾಗುವ ಕೆಮ್ಮಿಗೆ ಸೋಂಕೇ ಸಾಮಾನ್ಯ ಕಾರಣ. ಕೆನೆಲ್ ಕೆಮ್ಮು ಎಂಬ ಹೆಸರಿನಲ್ಲಿ ಹಲವು ರೋಗಾಣುಗಳು ಸೇರಿವೆ: ನಾಯಿಗಳ ಪ್ಯಾರಾಇನ್‌ಫ್ಲುಯೆಂಜಾ ವೈರಾಣು, ಅಡಿನೊವೈರಾಣು-2, ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಬ್ಯಾಕ್ಟೀರಿಯ ಇತ್ಯಾದಿ. ಈ ಬ್ಯಾಕ್ಟೀರಿಯವು ಮಕ್ಕಳಿಗೆ ನಾಯಿಕೆಮ್ಮು ತರುವ ಬೋರ್ಡೆಟೆಲ್ಲಾ ಪರ್ಟುಸಿಸ್‌ನ ಹತ್ತಿರದ ಸಂಬಂಧಿ ಎಂಬುದು ಹೆಸರಿನ ಗೊಂದಲಕ್ಕೆ ಇನ್ನಷ್ಟು ಕುತೂಹಲ ಸೇರಿಸುತ್ತದೆ. ಆರೋಗ್ಯವಂತ ವಯಸ್ಕ ನಾಯಿಯಲ್ಲಿ ಕೆನೆಲ್ ಕೆಮ್ಮು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಮರಿಗಳಲ್ಲಿ ನ್ಯುಮೋನಿಯಕ್ಕೆ ತಿರುಗಬಹುದು.

ಕೆಮ್ಮಿನ ಜೊತೆ ಜ್ವರ, ಕಣ್ಣು ಮತ್ತು ಮೂಗಿನಿಂದ ಗಟ್ಟಿ ಸ್ರಾವ, ಭೇದಿ ಕಂಡುಬಂದರೆ ಡಿಸ್ಟೆಂಪರ್ ರೋಗವನ್ನು ಶಂಕಿಸಬೇಕು. ಭಾರತದಲ್ಲಿ ಈ ರೋಗ ಇನ್ನೂ ವ್ಯಾಪಕವಾಗಿದೆ. ಮುಂದೆ ಅದು ನರಮಂಡಲವನ್ನು ತಲಪಿ ಸೆಳವು ಉಂಟುಮಾಡುತ್ತದೆ, ಸಾವೂ ಸಂಭವಿಸುತ್ತದೆ. ಲಸಿಕೆಯಿಂದ ಇದನ್ನು ತಡೆಯಬಹುದು.

ಇತರ ಕಾರಣಗಳು

ಎರಡು ತಿಂಗಳಿಗೂ ಹೆಚ್ಚು ಕಾಲ ಎಡೆಬಿಡದ ಕೆಮ್ಮಿದ್ದು ಬೇರೆ ಕಾರಣ ಸಿಗದಿದ್ದರೆ ಅದನ್ನು ದೀರ್ಘಕಾಲಿಕ ಬ್ರಾಂಕೈಟಿಸ್ ಎನ್ನುತ್ತಾರೆ. ಸೊಳ್ಳೆಗಳಿಂದ ಹರಡುವ ಹೃದಯಹುಳು, ಶ್ವಾಸಕೋಶದ ಗಡ್ಡೆ, ಗಂಟಲಿಗಿಳಿದ ಹುಲ್ಲುಕಡ್ಡಿ ಸಹ ಕಾರಣವಾಗಬಹುದು.

ವೈದ್ಯರನ್ನು ಕಾಣಬೇಕಾದ ಸಂದರ್ಭ

ಒಸಡು ಅಥವಾ ನಾಲಿಗೆ ನೀಲಿಗಟ್ಟುವುದು ಇಲ್ಲವೆ ಬಿಳಿಚಿಕೊಳ್ಳುವುದು, ಹೊಟ್ಟೆಯನ್ನು ಎಳೆದೆಳೆದು ಉಸಿರಾಡುವುದು, ಮಲಗಲಾರದೆ ಕತ್ತು ಚಾಚಿ ಕುಳಿತೇ ಇರುವುದು, ಕುಸಿದುಬೀಳುವುದು, ಕೆಮ್ಮಿನಲ್ಲಿ ರಕ್ತ ಅಥವಾ ನಸುಗೆಂಪು ನೊರೆ ಬರುವುದು ಇವು ತುರ್ತುಸ್ಥಿತಿಯ ಲಕ್ಷಣಗಳು. ಇಂಥ ನಾಯಿಯನ್ನು ಅವುಚಿ ಹಿಡಿಯದೆ, ಬಾಯಿಗೆ ನೀರು ಹಾಕದೆ, ಗಾಳಿಯಾಡುವ ತಂಪಾದ ವಾಹನದಲ್ಲಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿಯಾಗಿದೆಯೆಂದು ಬೆಳಗಿನವರೆಗೆ ಕಾಯುವುದು ಅಪಾಯಕಾರಿ.

ಮರಿ ಕೆಮ್ಮುತ್ತಿದ್ದರೆ, ನಾಯಿ ಆಹಾರ ಬಿಟ್ಟು ಮಂಕಾಗಿದ್ದರೆ, ಜ್ವರವಿದ್ದರೆ ಅಥವಾ ಕೆಮ್ಮು ರಾತ್ರಿ ನಿದ್ರೆಗೆಡಿಸುತ್ತಿದ್ದರೆ ಒಂದೆರಡು ದಿನಗಳೊಳಗೆ ತೋರಿಸಬೇಕು. ಚಟುವಟಿಕೆಯಿಂದಿರುವ ನಾಯಿಯಲ್ಲೂ ವಾರ ಕಳೆದರೂ ನಿಲ್ಲದ ಕೆಮ್ಮು ಪರೀಕ್ಷೆಗೆ ಅರ್ಹ. ವೈದ್ಯರು ಸಾಮಾನ್ಯವಾಗಿ ಎದೆಯ ಕ್ಷ-ಕಿರಣ ಚಿತ್ರದಿಂದ ಆರಂಭಿಸುತ್ತಾರೆ. ಮರ್ಮರ ಶಬ್ದವಿದ್ದರೆ ಎಕೊ ಪರೀಕ್ಷೆ, ಕುಸಿತದ ಶಂಕೆಯಿದ್ದರೆ ಚಲಿಸುವ ಕ್ಷ-ಕಿರಣ ಅಥವಾ ಬ್ರಾಂಕೊಸ್ಕೊಪಿ ಬೇಕಾಗಬಹುದು.

ಮನೆಯ ಆರೈಕೆ

ಕೆಮ್ಮುವ ನಾಯಿಗೆ ಕೊರಳಪಟ್ಟಿಯ ಬದಲು ಎದೆಯ ಸುತ್ತ ಬರುವ ಹಾರ್ನೆಸ್ ಹಾಕುವುದು ಮೊದಲ ಕೆಲಸ. ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು, ಪಟಾಕಿಯ ಹೊಗೆ ಮತ್ತು ಮೆಣಸಿನಕಾಯಿ ಹುರಿಯುವಾಗಿನ ಘಾಟು ಇವುಗಳಿಂದ ಅದನ್ನು ದೂರವಿಡಬೇಕು. ಬೇಸಿಗೆಯಲ್ಲಿ ನಡಿಗೆ ಮುಂಜಾನೆ ಅಥವಾ ಸಂಜೆಗೆ ಸೀಮಿತವಾಗಿರಬೇಕು. ಸೋಂಕಿನ ಶಂಕೆಯಿದ್ದರೆ ಇತರ ನಾಯಿಗಳಿಂದ ಬೇರ್ಪಡಿಸುವುದೂ ಅಗತ್ಯ.

ಮನುಷ್ಯರ ಕೆಮ್ಮಿನ ಸಿರಪ್ಪನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು. ಇಂಥ ಔಷಧಿಗಳಲ್ಲಿ ಇರಬಹುದಾದ ಪ್ಯಾರಾಸಿಟಮಾಲ್, ಮೂಗುಕಟ್ಟಿಗೆ ಸೇರಿಸುವ ಸೂಡೊಎಫೆಡ್ರಿನ್, ಸಿಹಿಗಾಗಿ ಬಳಸುವ ಕ್ಸೈಲಿಟಾಲ್ ನಾಯಿಗಳಿಗೆ ವಿಷಕಾರಿ. ಎರಡು ಮೂರು ಕಿಲೊ ತೂಕದ ನಾಯಿಗೆ ಅಲ್ಪ ಪ್ರಮಾಣವೂ ಹಾನಿ ಮಾಡಬಲ್ಲದು. ನ್ಯುಮೋನಿಯದಲ್ಲಿ ಕೆಮ್ಮು ಕಫವನ್ನು ಹೊರಹಾಕುವ ಕೆಲಸ ಮಾಡುತ್ತಿರುವುದರಿಂದ, ಅಲ್ಲಿ ಕೆಮ್ಮು ತಡೆಯುವ ಔಷಧಿಯೇ ರೋಗವನ್ನು ಉಲ್ಬಣಗೊಳಿಸುತ್ತದೆ.