ಪುಟ ದಾಟಿತು, ಪೊಟ್ಟಣ ದಾಟಲಿಲ್ಲ

1999ರ ಕೊನೆಯಲ್ಲಿ ಲಂಡನ್ನಿನ ಬೂ.ಕಾಂ ಎಂಬ ಆನ್‌ಲೈನ್ ಬಟ್ಟೆ ಅಂಗಡಿ ಒಂದೇ ಏಟಿಗೆ 18 ದೇಶಗಳ ಗಿರಾಕಿಗಳಿಗೆ ಬಾಗಿಲು ತೆರೆಯಿತು. ಹಲವು ಭಾಷೆ, ಹಲವು ನಾಣ್ಯ, ದೇಶಕ್ಕೊಂದು ತೆರಿಗೆ ಲೆಕ್ಕ. 2000ದ ಮೇ ತಿಂಗಳಿಗೆ ದಿವಾಳಿ, ಸುಮಾರು 13.5 ಕೋಟಿ ಡಾಲರ್ ಕರಗಿತ್ತು. ಅದರ ದುಂದುಗಾರಿಕೆಯ ಕಥೆಗಳು ಪ್ರಸಿದ್ಧ. ನನಗೆ ಕಾಣುವುದು ಬೇರೆ: ಮುಂದಿನ ಎರಡು ದಶಕ ಒಂದೊಂದಾಗಿ ಬಿಡಿಸಿದ ಗಂಟುಗಳನ್ನೆಲ್ಲ ಅದು ಒಬ್ಬಂಟಿಯಾಗಿ, ಒಮ್ಮೆಗೇ ಬಿಡಿಸಲು ಹೊರಟಿತ್ತು. ಅಮೆಜಾನ್ ಜಾಣತನ ತೋರಿತು. 1998ರಲ್ಲಿ ಬ್ರಿಟನ್ ಮತ್ತು ಜರ್ಮನಿಗೆ ಹೋದಾಗ ಅಲ್ಲಿನ ಆನ್‌ಲೈನ್ ಪುಸ್ತಕದಂಗಡಿಗಳನ್ನೇ ಕೊಂಡುಕೊಂಡಿತು.

ಮೊದಲ ಗಂಟು ಲಿಪಿಯದು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪಟ್ಟಿ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಕನ್ನಡವೂ ಅದರಲ್ಲಿತ್ತು. ಆದರೂ ಜಾಲತಾಣಗಳು ಅದಕ್ಕೆ ಹೊರಳಲು ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಜಪಾನಿನ ಗಿರಾಕಿ ಬರೆದ ವಿಳಾಸ ಮಾರುವವರ ಪರದೆಯಲ್ಲಿ ಚೌಕಗಳಾಗಿ ಬೀಳುತ್ತಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದವರಿಗೆ ಈ ಗೋಳನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಹುಡುಕಾಟದ ಸಮಸ್ಯೆ. ಒಂದೇ ಸರಕಿಗೆ ಬ್ರಿಟನ್ನಿಗೊಂದು, ಆಸ್ಟ್ರೇಲಿಯಾಕ್ಕೊಂದು ಇಂಗ್ಲಿಷ್ ಪುಟ ಮಾಡಿದರೆ ಯಾವುದನ್ನು ಯಾರಿಗೆ ತೋರಿಸಬೇಕೆಂದು ಗೂಗಲ್‌ಗೆ ತಿಳಿಯುತ್ತಿರಲಿಲ್ಲ. ಪುಟ ಯಾವ ಭಾಷೆಯ, ಯಾವ ದೇಶದವರಿಗೆಂದು ಹೇಳುವ ಎಚ್‌ರೆಫ್‌ಲ್ಯಾಂಗ್ ಎಂಬ ಗುರುತು 2011ರಲ್ಲಿ ಇದಕ್ಕೆ ಪರಿಹಾರ ಕೊಟ್ಟಿತು. ಪುಟಗಳು ಪರಸ್ಪರ ಒಂದನ್ನೊಂದು ತೋರಿಸಬೇಕು, ಒಂದು ಕಡೆಯ ಗುರುತು ಲೆಕ್ಕಕ್ಕಿಲ್ಲ. ಇಂದಿಗೂ ಬಹಳ ತಾಣಗಳು ಎಡವುವುದು ಇಲ್ಲೇ. ಭಾಷಾಂತರವಂತೂ 2016ರಲ್ಲಿ ಗೂಗಲ್ ನ್ಯೂರಲ್ ವಿಧಾನಕ್ಕೆ ಬದಲಾದ ಮೇಲೆ ಎಲ್ಲಕ್ಕಿಂತ ಅಗ್ಗದ ಕೆಲಸವಾಯಿತು. ಹಾಗಿದ್ದೂ ಹೊರದೇಶಕ್ಕೆ ಹೊರಟವರು ಮೊದಲು ದುಡ್ಡು ಸುರಿಯುವುದು ಅದಕ್ಕೇ!

ಹಣದ ವಿಷಯ ಅಷ್ಟು ಸಲೀಸಲ್ಲ. ಡಚ್ಚರು 2005ರಿಂದ ಐಡೀಲ್ ಮೂಲಕ ನೇರ ಬ್ಯಾಂಕ್ ಖಾತೆಯಿಂದ ಕೊಡುತ್ತಾರೆ, ಜಪಾನಿನಲ್ಲಿ ಬೀದಿಯಂಗಡಿಗೆ ಹೋಗಿ ನಗದು ಕಟ್ಟುವ ರೂಢಿಯಿದೆ, ಜರ್ಮನ್ನರಲ್ಲಿ ಅನೇಕರಿಗೆ ಸರಕು ಕೈಸೇರಿದ ಮೇಲೆ ಬಿಲ್ ಪಾವತಿಸುವುದೇ ಇಷ್ಟ. ಕಾರ್ಡ್ ಮಾತ್ರ ಕೇಳುವ ತಾಣದಿಂದ ಇವರೆಲ್ಲ ಸದ್ದಿಲ್ಲದೆ ಹೊರನಡೆಯುತ್ತಾರೆ. ನಮ್ಮ ಸಣ್ಣ ಮಾರಾಟಗಾರರಿಗೆ ಇನ್ನೊಂದು ತೊಡಕಿತ್ತು: ಆನ್‌ಲೈನ್ ಗೇಟ್‌ವೇ ಮೂಲಕ ರಫ್ತಿನ ಹಣ ಪಡೆಯಲು ರಿಸರ್ವ್ ಬ್ಯಾಂಕ್ 2010ರಲ್ಲಿ ಹಾಕಿದ ಮಿತಿ ವಹಿವಾಟಿಗೆ 500 ಡಾಲರ್. 2013ರ ಹೊತ್ತಿಗೆ ಅದು 10,000 ಡಾಲರಿಗೆ ಏರಿತು.

ಈಗ ಉಳಿದಿರುವ ದೊಡ್ಡ ಗೋಡೆ ಸುಂಕದ್ದು. ಯುರೋಪ್ ಒಕ್ಕೂಟ 22 ಯೂರೊವರೆಗಿನ ಸಣ್ಣ ಪೊಟ್ಟಣಗಳಿಗಿದ್ದ ವ್ಯಾಟ್ ವಿನಾಯಿತಿಯನ್ನು 2021ರ ಜುಲೈ 1ರಂದು ತೆಗೆಯಿತು. ಸುಂಕ, ತೆರಿಗೆಯಷ್ಟೇ ಅಲ್ಲ, ಚನ್ನಪಟ್ಟಣದ ಗೊಂಬೆ ಅಲ್ಲಿಗೆ ಹೋಗಬೇಕಾದರೆ ಸುರಕ್ಷತೆಯ ಸಿಇ ಗುರುತೂ ಬೇಕು. ಅರಗಿನ ಬಣ್ಣ ಮಗುವಿನ ಬಾಯಿಗೆ ಸುರಕ್ಷಿತ ಎಂಬುದು ನಮಗೆ ಗೊತ್ತಿದ್ದರೆ ಸಾಲದು, ಪರೀಕ್ಷೆಯ ಕಾಗದ ಹೇಳಬೇಕು. ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಂದು ಕೊನೆಗೊಳಿಸಿತು. ಅದಕ್ಕೂ ನಾಲ್ಕು ದಿನ ಮೊದಲೇ ಭಾರತೀಯ ಅಂಚೆ ಅಲ್ಲಿಗೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳನ್ನು ನಿಲ್ಲಿಸಿತ್ತು. ಅಕ್ಟೋಬರ್ ಮಧ್ಯದಲ್ಲಿ ಸೇವೆ ಮರಳಿದಾಗ ಸುಂಕವನ್ನು ಕಳಿಸುವವರೇ ಇಲ್ಲಿ ಮುಂಗಡ ಕಟ್ಟುವ ಪದ್ಧತಿ ಬಂದಿತ್ತು. ನ್ಯೂಜೆರ್ಸಿಯ ಗಿರಾಕಿಗೆ ತೋರಿಸುವ ಬೆಲೆಯಲ್ಲೇ ಅದನ್ನು ಸೇರಿಸುವುದೋ, ಕೊನೆಯ ಪುಟದಲ್ಲಿ ಬೇರೆಯಾಗಿ ನಮೂದಿಸುವುದೋ ಎಂಬುದು ಈಗ ಅಂಗಡಿಯವರು ತೀರ್ಮಾನಿಸಬೇಕಾದ ಮಾತು.