ತುಂಬದ ಮರಳೂ ಸಮಾಜಕಾರ್ಯದ ಪದವಿಯೂ

೧೯೬೩ನೆಯ ಇಸವಿಯ ನವೆಂಬರ್ ೨೧ರಂದು ತಿರುವನಂತಪುರದ ಬಡಗಲಿಗಿರುವ ತುಂಬದ ಕಡಲತಡಿಯಿಂದ ಮೊತ್ತಮೊದಲ ರಾಕೆಟ್ಟು ಗಗನಕ್ಕೇರಿತೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅದೇ ವರ್ಷ ಅಲ್ಲಿಂದ ಕೆಲವೇ ಮೈಲು ಒಳಗಿನ ಶ್ರೀಕಾರ್ಯದಲ್ಲಿ ಯೇಸುಸಭೆಯ ಪಾದ್ರಿಗಳು ಲೊಯೋಲಾ ಸಮಾಜವಿಜ್ಞಾನ ಕಾಲೇಜನ್ನು ಸ್ಥಾಪಿಸಿದರೆಂಬುದು ಬಹುಮಂದಿಗೆ ತಿಳಿಯದು. ರಾಕೆಟ್ಟಿಗಾಗಿ ಬೆಸ್ತರ ಇಗರ್ಜಿಯನ್ನೂ ಅದರ ಸುತ್ತಣ ನೆಲವನ್ನೂ ಬಿಟ್ಟುಕೊಡಲು ಜನರನ್ನು ಒಪ್ಪಿಸಿದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರೇ, ಅದಕ್ಕೆ ತುಸು ಮುಂಚೆ, ತಿರುವನಂತಪುರದ ಸಮಾಜಸೇವಾ ಸಂಘವನ್ನು ಹುಟ್ಟುಹಾಕಿದ್ದರು. ಹಳ್ಳಿಯ ಸೇವೆಗೆಂದು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನು ಅರಸುವವನು ಈ ತೀರವನ್ನು ಒಮ್ಮೆ ನೋಡಬೇಕೆಂದು ನನಗನ್ನಿಸುವುದು ಈ ಕಾರಣದಿಂದ.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದು ಹಳ್ಳಿಯಲ್ಲಲ್ಲ. ಮುಂಬಯಿಯ ನಾಗಪಾಡದಲ್ಲಿ ನೆರೆಮನೆ ಕೇಂದ್ರವೊಂದನ್ನು ನಡೆಸುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರ ನಿರ್ದೇಶನದಲ್ಲಿ ೧೯೩೬ರಲ್ಲಿ ತೆರೆದ ಸರ್ ದೊರಾಬ್ಜಿ ಟಾಟಾ ಶಾಲೆ, ಕಾರ್ಖಾನೆ, ಆಸ್ಪತ್ರೆ, ಬಾಲಾಪರಾಧ, ಕೊಳೆಗೇರಿ ಎಂಬ ನಗರದ ವ್ಯಥೆಗಳನ್ನೇ ಕಣ್ಣೆದುರಿಗಿಟ್ಟುಕೊಂಡು ಬೆಳೆಯಿತು; ವ್ಯಕ್ತಿಕಾರ್ಯ, ಗುಂಪುಕಾರ್ಯ, ಸಮುದಾಯ ಸಂಘಟನೆಯೆಂಬ ಅದರ ವಿಭಾಗಗಳು ಅಮೆರಿಕದಿಂದ ಬಂದವು. ಮುಂದೆ ದೆಹಲಿ, ಬರೋಡಾ, ಮದರಾಸುಗಳಲ್ಲಿ ಎದ್ದ ಶಾಲೆಗಳೂ ಬಹುಮಟ್ಟಿಗೆ ಇದೇ ಹಾದಿಯನ್ನು ಹಿಡಿದವು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದಾಗ ಹಳ್ಳಿಗೆ ಹೋದವನು ಪದವೀಧರನಲ್ಲ, ಗ್ರಾಮಸೇವಕ.

ಈ ಕೊರತೆಯನ್ನು ನೀಗಲೆಂದೇ ೧೯೫೬ರಿಂದ ಗ್ರಾಮೀಣ ಸಂಸ್ಥೆಗಳೆಂಬ ಉನ್ನತ ಶಿಕ್ಷಣಾಲಯಗಳು ತಲೆಯೆತ್ತಿದುವು. ತಮಿಳುನಾಡಿನ ಗಾಂಧಿಗ್ರಾಮ, ನಮ್ಮ ಧಾರವಾಡ ಸೀಮೆಯ ಹನುಮನಮಟ್ಟಿ, ಕೇರಳದ ತವನೂರು ಈ ಬಳಗದವೇ. ಗಾಂಧಿಗ್ರಾಮ ೧೯೭೬ರಲ್ಲಿ ವಿಶ್ವವಿದ್ಯಾಲಯದ ಅಂತಸ್ತನ್ನು ಪಡೆದು ನಿಂತಿತು. ಉಳಿದವುಗಳಲ್ಲಿ ಹಲವು ತಮ್ಮ ಮೂಲಸಂಕಲ್ಪವನ್ನು ಕಳೆದುಕೊಂಡುವು. ಇದು ದೊಡ್ಡ ನಷ್ಟ. ಗ್ರಾಮಸೇವೆಯ ವಿದ್ಯೆಗೆ ಹಳ್ಳಿಯಲ್ಲೇ ಒಂದು ಮನೆ ಕಟ್ಟಿಕೊಡುವ ಅವಕಾಶ ಆಗ ನಮ್ಮ ಕೈಯಲ್ಲಿತ್ತು.

ಕೊಚ್ಚಿಯಲ್ಲಿ ಸಮಾಜಕಾರ್ಯದ ಶಿಕ್ಷಣ ೧೯೫೫ರಲ್ಲೇ, ತೇವರದ ಸೇಕ್ರೆಡ್ ಹಾರ್ಟ್ ಕಾಲೇಜಿನ ಆಶ್ರಯದಲ್ಲಿ ಮೊದಲಾಯಿತು. ಕಳಮಶ್ಶೇರಿಯ ಇಂದಿನ ರಾಜಗಿರಿ ಕಾಲೇಜು ಅದರ ಬೆಳೆದ ರೂಪ. ಎರಡು ವರ್ಷದ ಪದವಿ, ವಾರದಲ್ಲಿ ಕೆಲವು ದಿನ ತರಗತಿ, ಉಳಿದ ದಿನ ಕ್ಷೇತ್ರಕಾರ್ಯ, ವರ್ಷಕ್ಕೊಮ್ಮೆ ಗ್ರಾಮಶಿಬಿರ. ಶಿಬಿರವನ್ನು ನಾನು ಹಳಿಯುವವನಲ್ಲ. ಆದರೆ ಕೆಲವು ದಿನಗಳ ಅತಿಥಿಗೆ ಹಳ್ಳಿ ತೋರಿಸುವುದು ತನ್ನ ಅಂಗಳವನ್ನು, ಅಡುಗೆಮನೆಯನ್ನಲ್ಲ.

ಅಡುಗೆಮನೆಯನ್ನು ಕಂಡವರು ಮರಿಯನಾಡಿನಲ್ಲಿ ನೆಲಸಿದ ಕಾರ್ಯಕರ್ತರು. ತುಂಬದ ಉತ್ತರದ ಈ ತೀರದಲ್ಲಿ ಸಮಾಜಸೇವಾ ಸಂಘವು ಅರವತ್ತರ ದಶಕದಲ್ಲಿ ಬೆಸ್ತರ ಕುಟುಂಬಗಳನ್ನು ನೆಲೆಗೊಳಿಸಿದಾಗ, ಕಾರ್ಯಕರ್ತರೂ ಅವರ ನಡುವೆಯೇ ವರ್ಷಗಟ್ಟಲೆ ವಾಸಮಾಡಿದರು. ಕಟ್ಟುಮರ ದಡ ಮುಟ್ಟಿ, ನೆನೆದ ಬಲೆಯಿಂದ ಬಿಡಿಸಿದ ಮೀನು ಮರಳಿನ ಮೇಲೆ ರಾಶಿಯಾಗುವ ಆ ಅರೆಗಳಿಗೆಯೊಳಗೇ ಬೆಲೆ ಗೊತ್ತಾಗಿಬಿಡುತ್ತಿತ್ತು. ಸಾಲ ಕೊಟ್ಟ ದಲ್ಲಾಳಿ ಕೂಗಿದ್ದೇ ಬೆಲೆ, ಏಕೆಂದರೆ ಆ ಬಲೆಗೆ ಹಣ ಕೊಟ್ಟವನೂ ಅವನೇ. ಸಾಲದ ಗಂಟೂ ಹರಾಜಿನ ಕೂಗೂ ಒಂದೇ ಹಗ್ಗದ ಎರಡು ತುದಿಗಳೆಂಬುದನ್ನು ಅಲ್ಲಿದ್ದು ಕಂಡ ಮೇಲೆಯೇ, ಮೊದಲ ಮಾರಾಟವನ್ನೂ ಸಾಲವನ್ನೂ ಉಳಿತಾಯವನ್ನೂ ಒಂದೇ ಕೈಯಲ್ಲಿ ಹಿಡಿಯುವ ಬೆಸ್ತರದೇ ಸಹಕಾರ ಸಂಘ ರೂಪುಗೊಂಡಿತು. ಜಾನ್ ಕುರಿಯನ್, ನಳಿನಿ ನಾಯಕ್ ಮುಂತಾದ ಕಾರ್ಯಕರ್ತರು ದುಡಿದದ್ದು ಇಲ್ಲಿ. ಮುಂದೆ ದಕ್ಷಿಣ ಭಾರತದ ಬೆಸ್ತರ ಸಂಘಗಳ ಒಕ್ಕೂಟ ಬೆಳೆದದ್ದು ಇದೇ ಬೇರಿನಿಂದ. ಪಠ್ಯದ 'ಸಮುದಾಯ ಸಂಘಟನೆ'ಗೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯವನ್ನು ನಾನು ಬೇರೆಲ್ಲಿಯೂ ಕಾಣೆ.

ಮೊದಲು ಹೇಳಿದ ಟಾಟಾ ಸಂಸ್ಥೆ ತಾನೇ ಮರಾಠವಾಡದ ತುಳಜಾಪುರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದದ್ದು ೧೯೮೬ರಲ್ಲಿ, ಅಂದರೆ ಮುಂಬಯಿಯಿಂದ ಹಳ್ಳಿ ಸೇರಲು ಅದಕ್ಕೆ ಐವತ್ತು ವರ್ಷ ಹಿಡಿಯಿತು. ಕನ್ನಡನಾಡಿನಲ್ಲಿ ಮಂಗಳೂರಿನ ರೋಶನಿ ನಿಲಯ ೧೯೬೦ರಿಂದಲೂ, ಧಾರವಾಡದ ವಿಶ್ವವಿದ್ಯಾಲಯ ಅದರ ಬೆನ್ನಲ್ಲೇ, ಈ ಪದವಿಗೆ ಜನರನ್ನು ಸಿದ್ಧಗೊಳಿಸುತ್ತಿವೆ.

ಈ ಸಿದ್ಧತೆಗೆ ಕಠಿನ ಪರೀಕ್ಷೆ ಒದಗಿದ್ದು ಕಾಸರಗೋಡಿನಲ್ಲಿ. ಎರಡು ದಶಕಗಳಿಗೂ ಮಿಕ್ಕು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದ ಎಣ್ಮಕಜೆಯಂತಹ ಊರುಗಳಲ್ಲಿ ರೋಗವನ್ನು ಮೊದಲು ಗುರುತಿಸಿ ಲೋಕಕ್ಕೆ ಸಾರಿದವರು ಅಲ್ಲಿನ ವೈದ್ಯ ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ; ಸಮಾಜಕಾರ್ಯದ ಪದವೀಧರರು ಬಂದದ್ದು ತರುವಾಯ. ೨೦೦೯ರಲ್ಲಿ ಸ್ಥಾಪಿತವಾದ, ಪೆರಿಯದಲ್ಲಿ ನೆಲೆಸಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂದು ಈ ಪದವಿ ಇದೆ. ಅಲ್ಲಿನ ವಿದ್ಯಾರ್ಥಿಯೊಬ್ಬ ಗಡಿಭಾಗದ ಮನೆಯೊಂದರ ಜಗಲಿಯಲ್ಲಿ ಕುಳಿತರೆ, ತಾಯಿ ತನ್ನ ಮಗುವಿನ ವಿಷಯವನ್ನು ತುಳುವಿನಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುತ್ತಾಳೆ; ತೊಡೆಯ ಮೇಲಿನ ಸರ್ಕಾರಿ ಅರ್ಜಿ ಮಲಯಾಳದಲ್ಲಿದೆ; ಅವಳು ಹೇಳಿದ್ದರಲ್ಲಿ ಎಷ್ಟು ಆ ಚೌಕಗಳೊಳಗೆ ಉಳಿಯುವುದೆಂಬುದು ಪೆನ್ನು ಹಿಡಿದವನ ಕಿವಿಯ ಮೇಲೆ ನಿಂತಿದೆ.