ನಿಧಿಯ ನಕಾಶೆಯಾದ ಓಲೆಗರಿ

ಕನ್ನಡದ ಒಂದು ಕಾದಂಬರಿಯಲ್ಲಿ ಮೊದಲ ಅಧ್ಯಾಯಕ್ಕೆ ಹಳೆಯ ಓಲೆಗರಿಯ ಕಟ್ಟು, ಎರಡನೆಯದಕ್ಕೆ ಒಂದು ಹೆಣ ಬಂತೆಂದರೆ ಸಾಕು, ನಮ್ಮ ವಿಮರ್ಶಕರು 'ಡ್ಯಾನ್ ಬ್ರೌನ್ ಮಾದರಿ' ಎಂದು ಷರಾ ಬರೆದು ಕೈ ತೊಳೆದುಕೊಳ್ಳುತ್ತಾರೆ. 'ದ ಡಾ ವಿಂಚಿ ಕೋಡ್' ಬಂದದ್ದು 2003ರಲ್ಲಿ. ಹಳಗನ್ನಡ ಹಸ್ತಪ್ರತಿಯೊಂದನ್ನು ಒಳಗಿಟ್ಟುಕೊಂಡ ತೇಜಸ್ವಿಯವರ 'ಜುಗಾರಿ ಕ್ರಾಸ್' ಬಂದದ್ದು 1994ರಲ್ಲಿ. ಈ ಲೆಕ್ಕ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಷರಾ ಮಾತ್ರ ಅಳಿಯುತ್ತಿಲ್ಲ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಕುಳಿತು ಈ ಜಾತಿಯ ಪುಸ್ತಕಗಳನ್ನು ನಾಲ್ಕು ದಶಕದಿಂದ ಓದುತ್ತ, ಆಗಾಗ ಅವುಗಳ ಬಗ್ಗೆ ಬರೆಯುತ್ತ ಬಂದವನಿಗೆ ಇದು ಕಿರಿಕಿರಿಯ ಮಾತು. ಅದಕ್ಕೇ ಈ ಲೇಖನ.

ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಸೂರಿನ 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರ 'ಚೋರಗ್ರಹಣ ತಂತ್ರ'ದಿಂದ ಪತ್ತೇದಾರಿ ಕಥನ ಇತ್ತ ಬಂತು, ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ಇತಿಹಾಸದ ಕಾದಂಬರಿ ತಂದರು. ಒಂದರಲ್ಲಿ ಗುಟ್ಟು ಇತ್ತು, ಇನ್ನೊಂದರಲ್ಲಿ ಗತಕಾಲ. ಎರಡೂ ಬೇರೆ ಬೇರೆ ಓಣಿಯಲ್ಲಿ ಬಹಳ ಕಾಲ ಮುಖ ನೋಡದೆ ಬಾಳಿದವು.

ಆಮೇಲೆ ಎನ್. ನರಸಿಂಹಯ್ಯನವರ ಕಾಲ. ಪತ್ತೇದಾರ ಪುರುಷೋತ್ತಮನನ್ನು ಓದಲಿಕ್ಕೆಂದೇ ಅಕ್ಷರ ಕೂಡಿಸಿ ಕಲಿತವರು ನಮ್ಮ ಕಡೆ ಬಹಳ ಮಂದಿ. ಕಿರಾಣಿ ಅಂಗಡಿಯ ಪಕ್ಕದ ಬಾಡಿಗೆ ಪುಸ್ತಕದ ಕಪಾಟಿನಲ್ಲಿ ಅವರ ಪುಸ್ತಕಕ್ಕೆ ಖಾಕಿ ರಟ್ಟು ಹಾಕಿ, ಬೆನ್ನಿಗೆ ದಾರ ಹೊಲಿದು ಇಟ್ಟಿರುತ್ತಿದ್ದರು. ಕೊನೆಯ ಹಾಳೆ ಹರಿದುಹೋದ ಪ್ರತಿಗೆ ಅರ್ಧ ಬಾಡಿಗೆ. ಮ. ರಾಮಮೂರ್ತಿ, ಟಿ.ಕೆ. ರಾಮರಾವ್, ಜಿಂದೆ ನಂಜುಂಡಸ್ವಾಮಿ, ಸುದರ್ಶನ ದೇಸಾಯಿ ಇವರೆಲ್ಲ ಅದೇ ಕಪಾಟಿನವರು. ವಿಶ್ವವಿದ್ಯಾಲಯದ ಸಾಹಿತ್ಯ ಚರಿತ್ರೆಗಳು ಇವರಿಗೆ ಒಂದು ಪುಟ ಕೊಡಲಿಕ್ಕೂ ಹಿಂದೆ ಮುಂದೆ ನೋಡುತ್ತವೆ. ಇವರ ಕಥೆಗಳಲ್ಲಿ ಹಳೆಯ ಕಾಗದ ಇರುತ್ತಿತ್ತು ನಿಜ. ಆದರೆ ಅದು ಮೃತ್ಯುಪತ್ರ, ಇಲ್ಲವೆ ಜಮೀನುದಾರರ ಮನೆಯ ಆಸ್ತಿಪತ್ರ. ಇತಿಹಾಸ ಇನ್ನೂ ಆ ಕಪಾಟಿಗೆ ಬಂದಿರಲಿಲ್ಲ. ಎಂಬತ್ತರ ದಶಕದಲ್ಲಿ ಯಂಡಮೂರಿಯವರ ತೆಲುಗು ಕಾದಂಬರಿಗಳು ವಂಶಿಯವರ ಅನುವಾದದಲ್ಲಿ ಬಂದು ವಾರಪತ್ರಿಕೆಯ ಓದುಗರನ್ನೆಲ್ಲ ಬಾಚಿಕೊಂಡವು. ಮಾಟ, ಮನಶ್ಶಾಸ್ತ್ರ, ವಾರದ ಕೊನೆಗೆ ಉಸಿರು ಹಿಡಿಸುವ ಕಟ್ಟು. ಧಾರಾವಾಹಿಯ ಕಸುಬನ್ನು ನಮ್ಮವರು ಅಲ್ಲಿಂದ ಕಲಿತರು ಎಂದು ಒಪ್ಪಿಕೊಳ್ಳಲು ಇವತ್ತಿಗೂ ಹಿಂಜರಿಕೆ ಏಕೋ ತಿಳಿಯದು.

ಇನ್ನು 'ಜುಗಾರಿ ಕ್ರಾಸ್'. ಏಲಕ್ಕಿ ಬೆಳೆಯುವ ಗಂಡ ಹೆಂಡತಿ ಸುರೇಶ, ಗೌರಿ. ಮಲೆನಾಡಿನ ಒಂದು ಅಡ್ಡರಸ್ತೆ. ಕಾಡು ದೋಚುವವರ ಜಾಲ. ಇದರ ನಡುವೆ ತೇಜಸ್ವಿ ಒಂದು ಹಳಗನ್ನಡ ಕಾವ್ಯದ ಪ್ರತಿಯನ್ನು ತಂದು ಇಡುತ್ತಾರೆ. ಅದು ದ್ವಿಸಂಧಾನ: ಮೇಲೆ ಒಂದು ಅರ್ಥ, ಒಳಗೆ ಕೆಂಪು ಕಲ್ಲಿನ ಸುಳಿವು. ಇದರ ಜಾಣತನ ಕಾಣಬೇಕಾದರೆ ಕನ್ನಡ ಕಾವ್ಯಪರಂಪರೆ ಸ್ವಲ್ಪವಾದರೂ ಗೊತ್ತಿರಬೇಕು. ಒಂದೇ ಪದ್ಯಕ್ಕೆ ಎರಡು ಕಥೆ ಹೇಳಿಸುವುದು ನಮ್ಮ ಪಂಡಿತರ ಹಳೆಯ ಚಟ. ಶ್ಲೇಷೆಯ ವ್ಯಾಯಾಮವೆಂದು ಎಂ.ಎ. ವಿದ್ಯಾರ್ಥಿಗಳು ಆಕಳಿಸುತ್ತ ಓದುವ ಸಂಗತಿ. ಅದನ್ನೇ ತೇಜಸ್ವಿ ಸಂಕೇತಲಿಪಿಯಾಗಿ ತಿರುಗಿಸಿಬಿಟ್ಟರು. ಪ್ಯಾರಿಸ್ಸಿನ ಚಿತ್ರಶಾಲೆಯೂ ಬೇಕಾಗಲಿಲ್ಲ, ರೋಮಿನ ಗುಪ್ತ ಸಂಘವೂ ಬೇಕಾಗಲಿಲ್ಲ. ಕಾವ್ಯ ಓದಬಲ್ಲವರು ಊರಲ್ಲಿ ಉಳಿದಿಲ್ಲ ಎಂಬುದೇ ಬೀಗ. ಇಷ್ಟು ಕನ್ನಡದ್ದಾದ ಥ್ರಿಲ್ಲರ್ ತಂತ್ರ ಮುಂದೆ ಯಾರ ಕೈಲೂ ಆಗಲಿಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಪರಿಸರದ ಕಾದಂಬರಿ ಎಂದಷ್ಟೇ ಪಾಠ ಹೇಳುವ ಮೇಷ್ಟ್ರುಗಳು ಆ ಹಸ್ತಪ್ರತಿಯ ಪುಟಗಳನ್ನು ಹಾರಿಸಿ ಓದಿರುತ್ತಾರೆ.

ತೇಜಸ್ವಿ ಒಂದು ಸಲ ಮಾಡಿ ಬಿಟ್ಟದ್ದನ್ನು ದಾರಿಯಾಗಿಸಿದವರು ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ. 'ಕನಕ ಮುಸುಕು' 'ಸುಧಾ'ದಲ್ಲಿ ಬರುವಾಗ ನಮ್ಮ ಪೇಟೆಯ ಪೇಪರ್ ಅಂಗಡಿಯಲ್ಲಿ ಪ್ರತಿ ಕಾದಿರಿಸಬೇಕಾಗುತ್ತಿತ್ತು. ಸೋಮನಾಥಪುರದಂಥ ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ? ಹೌದೆಂದರೆ, ಕೊಲಂಬಸನಿಗಿಂತ ಎರಡು ಶತಮಾನ ಮೊದಲೇ ಅಮೆರಿಕದ ಬೆಳೆ ಇಲ್ಲಿಗೆ ಬಂದದ್ದು ಹೇಗೆ? 1989ರಲ್ಲಿ ಅಮೆರಿಕದ ಸಂಶೋಧಕರು ಎತ್ತಿದ ಈ ವಾದ ಇನ್ನೂ ತೀರಿಲ್ಲ, ಒಪ್ಪದವರೇ ಹೆಚ್ಚು. ತೀರದ ವಾದವೇ ಥ್ರಿಲ್ಲರಿಗೆ ಮೇವು ಎಂಬುದನ್ನು ಗಣೇಶಯ್ಯ ಮೊದಲು ಕಂಡರು. 'ಕರಿಸಿರಿಯಾನ'ದಲ್ಲಿ 1565ರ ಸೋಲಿನ ಮೇಲೆ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತು. ರಾಬರ್ಟ್ ಸೀವೆಲ್ ಅದಕ್ಕೆ 550 ಆನೆ ಎಂದು ಲೆಕ್ಕ ಕೊಟ್ಟಿದ್ದಾನೆ. 'ಬಳ್ಳಿಕಾಳ ಬೆಳ್ಳಿ'ಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ. ಕಾದಂಬರಿಯ ಜೊತೆಗೆ ಆಕರಗಳ ಪಟ್ಟಿ, ಫೋಟೋ, ನಕ್ಷೆ ಕೊಡುವ ರೂಢಿ ಅವರದೇ. ಅದರಿಂದ ಒಂದು ಪೀಳಿಗೆ ಶಾಸನ ಎಂದರೇನೆಂದು ತಿಳಿದುಕೊಂಡಿತು. ಅವರ ಪಾತ್ರಗಳು ಸಂಭಾಷಣೆಗಿಂತ ಉಪನ್ಯಾಸ ಹೆಚ್ಚು ಮಾಡುತ್ತವೆ, ಅದು ಬೇರೆ ಮಾತು. ಅವರನ್ನು ಅನುಸರಿಸಿದವರು ಆಕರದ ಪಟ್ಟಿ ಬಿಟ್ಟು ಆನೆಯನ್ನಷ್ಟೇ ತೆಗೆದುಕೊಂಡರು.

ಅನುಸರಿಸಿದವರಲ್ಲಿ ಕಸುಬಿನ ತಪ್ಪು ರಾಶಿ ಬಿದ್ದಿವೆ. ನಾಯಕ ನೆಲಮಾಳಿಗೆಯಲ್ಲಿ ಓಲೆಗರಿ ಬಿಚ್ಚುತ್ತಾನೆ, ಮೊಬೈಲಿನ ಬೆಳಕು ಬಿಡುತ್ತಾನೆ, ಸರಸರ ಓದುತ್ತಾನೆ. ಓಲೆಗರಿಯ ಮೇಲೆ ಶಾಯಿ ಇರುವುದಿಲ್ಲ. ಕಬ್ಬಿಣದ ಕಂಟದಿಂದ ಗೀರಿದ ಗೆರೆಗಳಷ್ಟೇ. ಎಣ್ಣೆಯಲ್ಲಿ ಕಲಸಿದ ಮಸಿ ಸವರಿ, ಅರಿವೆಯಿಂದ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಮೇಲೆದ್ದು ಬರುತ್ತದೆ. ಒಣಗಿದ ಗರಿಯನ್ನು ಎಣ್ಣೆ ಕಾಣಿಸದೆ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಪದಗಳ ನಡುವೆ ತೆರಪಿಲ್ಲ, ಪದ್ಯ ಗದ್ಯದಂತೆ ಹರಿದಿರುತ್ತದೆ, ತೂತಿನ ಹತ್ತಿರ ಹುಳು ತಿಂದಿರುತ್ತದೆ. ಒಂದು ಗರಿ ಓದಲಿಕ್ಕೆ ಒಂದು ಮಧ್ಯಾಹ್ನ ಹಿಡಿದೀತು. ಆ ನಿಧಾನದಲ್ಲೇ ಎಷ್ಟು ರೋಮಾಂಚನ ಇದೆಯೆಂದು ಬಲ್ಲ ಬರಹಗಾರ ಇನ್ನೂ ಸಿಕ್ಕಿಲ್ಲ. ಪಾರಸಿ ಫರ್ಮಾನು, ಮೋಡಿ ದಫ್ತರ ಇವನ್ನು ಬೆಂಗಳೂರಿನ ನಾಯಕಿ ದಿನಪತ್ರಿಕೆಯಂತೆ ಓದಿ ಮುಗಿಸುವ ಅಧ್ಯಾಯಗಳ ಬಗ್ಗೆ ಮಾತಾಡದಿರುವುದೇ ಲೇಸು.

ಆದರೆ ನನ್ನ ದೊಡ್ಡ ತಕರಾರು ಬೇರೆ. ಜುಗಾರಿ ಕ್ರಾಸಿನಿಂದ ಇಲ್ಲಿಯವರೆಗೆ ನಾನು ಓದಿದ ಇಂಥ ಕನ್ನಡ ಕಾದಂಬರಿಗಳಲ್ಲಿ ಹಸ್ತಪ್ರತಿ ಬಹುಮಟ್ಟಿಗೆ ಏನೋ ಒಂದಕ್ಕೆ ದಾರಿ ತೋರಿಸುವ ಚೀಟಿ. ಕೊನೆಗೆ ಸಿಗುವುದು ಕೆಂಪು, ಹೊನ್ನು, ವಜ್ರ. 1980ರಲ್ಲಿ ಇಟಲಿಯ ಉಂಬರ್ಟೊ ಎಕೊ 'ದ ನೇಮ್ ಆಫ್ ದ ರೋಸ್' ಬರೆದಾಗ ಮಠದಲ್ಲಿ ಹೆಣ ಬಿದ್ದದ್ದು ಬಂಗಾರಕ್ಕಲ್ಲ, ನಗೆಯ ಬಗ್ಗೆ ಅರಿಸ್ಟಾಟಲ್ ಬರೆದನೆನ್ನಲಾದ, ಕಳೆದುಹೋದ ಪುಸ್ತಕಕ್ಕೆ. ಅಲ್ಲಿ ಪುಸ್ತಕದೊಳಗಿನ ಮಾತೇ ಅಪಾಯ. ನಮ್ಮಲ್ಲಿ ಆ ಬಗೆಯದು ಏಕೆ ಹುಟ್ಟಲಿಲ್ಲ? ನಮ್ಮ ಲೇಖಕರಿಗೆ ಹೊಳೆಯಲಿಲ್ಲ ಎಂದು ನನಗೆ ಅನ್ನಿಸುವುದಿಲ್ಲ.

ಇದೇ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಯರಗಲ್ಲಿನ ಸಂಶೋಧಕ ಎಂ.ಎಂ. ಕಲಬುರ್ಗಿ 'ಮಾರ್ಗ' ಸಂಪುಟದಲ್ಲಿ ಚೆನ್ನಬಸವಣ್ಣನ ಜನನದ ಬಗ್ಗೆ ಪಠ್ಯಗಳ ಆಧಾರದ ಮೇಲೆ ಒಂದು ಊಹೆ ಮಂಡಿಸಿದ್ದಕ್ಕೆ ಒತ್ತಡಕ್ಕೆ ಸಿಕ್ಕಿ ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ಸುತ್ತಿನ ಸಂಗತಿಯನ್ನು ಮುಟ್ಟಿದ ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು ಸರಕಾರ 1997ರಲ್ಲಿ ಮುಟ್ಟುಗೋಲು ಹಾಕಿತು, 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 'ವಚನ ದೀಪ್ತಿ'ಯಲ್ಲಿ ಬಸವಣ್ಣನ ಅಂಕಿತವನ್ನು ಬದಲಿಸಿದ್ದಕ್ಕೆ ಬಿದ್ದ ನಿಷೇಧದ ತಂಟೆ 2017ರವರೆಗೆ ನಡೆಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಮನೆ ಬಾಗಿಲಲ್ಲೇ, ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಮೊಕದ್ದಮೆ ಕೋರ್ಟಿನ ವಿಷಯ, ಅದರ ಬಗ್ಗೆ ಇಲ್ಲಿ ಹೇಳುವುದಿಲ್ಲ. ಇಷ್ಟನ್ನು ಕಂಡ ಕಾದಂಬರಿಕಾರ ಓಲೆಗರಿಯಲ್ಲಿ ವಜ್ರದ ದಾರಿ ಬರೆದರೆ ಯಾರಿಗೂ ನೋವಾಗುವುದಿಲ್ಲ. ಈ ಪ್ರಕಾರದ ಮೇಲೆ ವಿಮರ್ಶಕರು ಹೊರಿಸುವ 'ಹಗುರ'ದ ಆರೋಪಕ್ಕೆ ಉತ್ತರ ಇಲ್ಲಿದೆ.

ಕಥೆಗಳಿಗಂತೂ ಬರವಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗಷ್ಟೇ ಹೊರಬರುತ್ತಿದ್ದ ಹಳಗನ್ನಡ ಲಿಪಿಯ 'ಧವಲಾ' ಎಂಬ ಜೈನ ಗ್ರಂಥದ ಪ್ರತಿಗಳನ್ನು ನಕಲು ಮಾಡಲು ಕೊನೆಗೂ ಒಪ್ಪಿಗೆ ಸಿಕ್ಕಿತು, ನಕಲು ಊರು ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ. ನಕಲುಗಾರ ಗಜಪತಿ ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ನಕಲು ತೆಗೆದರು. ಅದು ಸಹಾರನ್‌ಪುರ ಸೇರಿತು, 1939ರಿಂದ ಅಚ್ಚಾಗತೊಡಗಿತು. ಕಳ್ಳ ಯಾರು, ಕಾಪಾಡಿದವರು ಯಾರು? ಇದಕ್ಕಿಂತ ಒಳ್ಳೆಯ ಒಡಪು ಕಟ್ಟಿ ಬರೆದರೂ ಸಿಗದು. ಅಸಗನ 'ಕರ್ಣಾಟಕ ಕುಮಾರಸಂಭವ', ಪೊನ್ನನ 'ಭುವನೈಕ ರಾಮಾಭ್ಯುದಯ', ರನ್ನನ 'ಪರಶುರಾಮ ಚರಿತ' ಇವೆಲ್ಲ ಹೆಸರಾಗಿಯಷ್ಟೇ ಉಳಿದಿವೆ. ಒಂದಾದರೂ ಕಾದಂಬರಿ ಇವುಗಳ ಬೆನ್ನು ಹತ್ತಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಊರಿನದೇ ಹೇಳುವುದಾದರೆ, ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ಕಟ್ಟುಗಳನ್ನು ಕೂಡಿಹಾಕಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಹೋಗಿ ವಾಪಸು ಬಂದು, 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಇಲ್ಲೇ ಸ್ವಂತ ಹಿತಚಿಂತಕ ಮುದ್ರಣಾಲಯ, 1926ರಿಂದ 'ಶಿವಾನುಭವ'. ಕಲ್ಯಾಣದ ಗಲಭೆಯಲ್ಲಿ ಶರಣರು ವಚನದ ಕಟ್ಟು ಹೊತ್ತು ಉಳವಿಯ ಕಡೆ ಹೊರಟರೆಂಬ ಕಥೆ ಪ್ರತಿ ಮನೆಯಲ್ಲಿದೆ. ಆ ಕಟ್ಟುಗಳು ಎಂಟು ಶತಮಾನ ಯಾರ ಯಾರ ಅಟ್ಟದ ಮೇಲಿದ್ದವು ಎಂಬ ಕಥೆ ಯಾರೂ ಬರೆದಿಲ್ಲ.

ಇದೇ ಊರಿನ ಆಸಾರ್ ಮಹಲಿನದಂತೂ ಕಾದಂಬರಿಕಾರರು ಹೆದ್ದಾರಿಯಂಚಿನಲ್ಲೇ ಬಿಟ್ಟುಹೋದ ಕಥೆ. ಆದಿಲ್‌ಶಾಹಿ ಅರಸರ ಪುಸ್ತಕಭಂಡಾರದಲ್ಲಿ 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಒಯ್ದದ್ದೆಷ್ಟೋ. ಉಳಿದದ್ದು ಆಸಾರ್ ಮಹಲಿನಲ್ಲಿತ್ತು. ಅದನ್ನು 1853ರಲ್ಲಿ ಇಂಗ್ಲಿಷರು ಲಂಡನ್ನಿಗೆ ಸಾಗಿಸಿದರು. ಅಲ್ಲಿಯ ಇಂಡಿಯಾ ಆಫೀಸ್ ಸಂಗ್ರಹದ ಅರಬ್ಬಿ ಹಸ್ತಪ್ರತಿಗಳ ಯಾದಿಯನ್ನು ಒಟ್ಟೊ ಲೋಥ್ 1877ರಲ್ಲಿ ಅಚ್ಚು ಹಾಕಿಸಿದ. 1570ರಲ್ಲಿ ಇಲ್ಲಿ ಬರೆದು ಚಿತ್ರಿಸಿದ 'ನುಜೂಮ್ ಅಲ್ ಉಲೂಮ್' ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಕ್ಷತ್ರ, ಮಂತ್ರ, ಆನೆ, ಆಯುಧ ಎಲ್ಲದರ ಪುಸ್ತಕ. ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ ಎರಡನೆಯ ಇಬ್ರಾಹಿಂನ 'ಕಿತಾಬ್-ಎ-ನೌರಸ್' ಹುಟ್ಟಿದ್ದು ಇದೇ ನೆಲದಲ್ಲಿ. ತೊರವಿಯ ಬಳಿ ಅವನು ಕಟ್ಟಿಸಿದ ನೌರಸಪುರದ ಗೋಡೆಗಳು ಇವತ್ತಿಗೂ ಹಾಳುಬಿದ್ದು ನಿಂತಿವೆ. ನಿಧಿಯ ನೆಪವಿಲ್ಲದೆಯೇ ಬೆನ್ನು ಹತ್ತಬಹುದಾದ ಪುಸ್ತಕಗಳಿವು.

ಪಾರಸಿ, ದಖನಿ ಬಾರದು ಎಂಬ ನೆಪ ಒಂದು ಕಾಲಕ್ಕೆ ಒಪ್ಪುವಂಥದ್ದಿತ್ತು. ಕಲಬುರ್ಗಿಯವರ ನೇತೃತ್ವದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರ ಕೈಗೊಂಡ ಆದಿಲ್‌ಶಾಹಿ ಸಾಹಿತ್ಯದ ಅನುವಾದ ಸಂಪುಟಗಳು ಈಗ ಕನ್ನಡದಲ್ಲೇ ಇವೆ. ಥ್ರಿಲ್ಲರ್ ಬರೆಯುವ ಹುಡುಗರು ಫೋನು ಮಾಡಿ ಗೋಳಗುಮ್ಮಟದ ಕೆಳಗೆ ಸುರಂಗ ಇದೆಯಾ ಸರ್ ಎಂದು ಕೇಳುತ್ತಾರೆ. ಆ ಸಂಪುಟಗಳು ಎಲ್ಲಿ ಸಿಗುತ್ತವೆ ಎಂದು ಇನ್ನೂ ಯಾರೂ ಕೇಳಿಲ್ಲ.